ಏಪ್ರಿಲ್ 1ಕ್ಕೆ ಕೈಕೊಡುವ ಅಪ್‌ಲೋಡ್ ಸ್ಕ್ರಿಪ್ಟ್

ನಮ್ಮ ತಂಡ ಪ್ರತಿ ರಾತ್ರಿ ಬಿಲ್ಲಿಂಗ್ ಫೈಲ್‌ಗಳನ್ನು ಗ್ರಾಹಕರ ಎಸ್‌ಎಫ್‌ಟಿಪಿ (ಫೈಲ್‌ಗಳನ್ನು ಸುರಕ್ಷಿತವಾಗಿ ಸಾಗಿಸುವ ವಿಧಾನ) ಸರ್ವರ್‌ಗೆ ಸ್ಕ್ರಿಪ್ಟ್ ಮೂಲಕ ಕಳಿಸುತ್ತದೆ. ಅಲ್ಲಿ ಹಣಕಾಸು ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳಿಗೊಂದು. ಮೇ, ಜೂನ್‌ಗೆಲ್ಲ ತೊಂದರೆಯಿಲ್ಲ, ಹೊಸ ತಿಂಗಳ ಫೋಲ್ಡರ್ ಒಂದು ಮಾಡಿಕೊಂಡರೆ ಸಾಕು. ಹೊಸ ಹಣಕಾಸು ವರ್ಷ ಶುರುವಾಗುವ ಏಪ್ರಿಲ್ 1ಕ್ಕೆ ಮಾತ್ರ ವರ್ಷದ ಫೋಲ್ಡರ್ (ಉದಾಹರಣೆಗೆ 2025-26) ಕೂಡ ಇರಲ್ಲ, ಅದರೊಳಗಿನ ತಿಂಗಳ ಫೋಲ್ಡರ್ 04 ಕೂಡ ಇರಲ್ಲ. ಫೋಲ್ಡರ್ ಮಾಡುವ ಕಮಾಂಡ್ ಆದ ಎಸ್‌ಎಫ್‌ಟಿಪಿಯ ಎಂಕೆಡಿರ್ ಒಂದು ಸಲಕ್ಕೆ ಒಂದೇ ಹಂತ ಮಾಡುತ್ತದೆ. ಲಿನಕ್ಸ್‌ನಲ್ಲಿ 'ಎಂಕೆಡಿರ್ ಮೈನಸ್ ಪಿ' ಹೊಡೆದು ಎಲ್ಲ ಹಂತಗಳನ್ನೂ ಒಟ್ಟಿಗೇ ಮಾಡಿ ರೂಢಿಯಾದವರಿಗೆ ಇದು ಹೊಳೆಯುವುದೇ ಇಲ್ಲ.

ಆಗ ಬರುವ ಎರರ್ 'ನೋ ಸಚ್ ಫೈಲ್'. ಇದನ್ನು ಓದಿದವರು ಮೊದಲು ನಮ್ಮ ಕಡೆಯ ಫೈಲ್ ಹುಡುಕುತ್ತಾರೆ. ಅದು ಇದ್ದಲ್ಲೇ ಇರುತ್ತದೆ. ಇಲ್ಲದಿರುವುದು ಆ ಕಡೆಯ ಫೋಲ್ಡರ್.

ಎರರ್ ಬಾರದಿದ್ದರೆ ಇನ್ನೂ ಕಷ್ಟ. ಎಂಕೆಡಿರ್ ಸಾಲೇ ಇಲ್ಲದ ಹಳೇ ಸ್ಕ್ರಿಪ್ಟ್‌ಗಳಲ್ಲಿ ಫೈಲ್ ಕಳಿಸುವ ಪುಟ್ ಕಮಾಂಡಿನ ಕೊನೆಗೆ ಬರೀ 2025-26/05 ಎಂದಿರುತ್ತದೆ. 05 ಫೋಲ್ಡರ್ ಇಲ್ಲದಿದ್ದರೆ ನಮ್ಮ ಫೈಲೇ 05 ಅನ್ನೋ ಹೆಸರಲ್ಲಿ ಹೋಗಿ ಕೂರುತ್ತದೆ! ಮರುದಿನದ ಫೈಲ್ ಅದನ್ನೇ ಅಳಿಸಿ ಅಲ್ಲೇ ಕೂರುತ್ತದೆ. ಲಾಗ್ ನೋಡಿದರೆ ಎಲ್ಲವೂ ಸರಿ. ಅದಕ್ಕೇ ಹೇಳುವುದು, ಆ ಕಡೆಗೂ ಫೈಲ್ ಹೆಸರನ್ನು ಪೂರ್ತಿ ಬರೆಯಿರಿ.

ಫೋಲ್ಡರ್‌ಗಳನ್ನು ಮೇಲಿನಿಂದ ಒಂದೊಂದೇ ಹಂತ ಮಾಡುತ್ತಾ ಇಳಿಯಬೇಕು. 'ಇದೆಯಾ' ಅಂತ ಮೊದಲು ಕೇಳಬೇಡಿ, ನೇರವಾಗಿ ಎಂಕೆಡಿರ್ ಕೊಡಿ. ಕೇಳುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಸ್ಕ್ರಿಪ್ಟ್ ಅದೇ ಫೋಲ್ಡರ್ ಮಾಡಿಬಿಡಬಹುದು. ಫೋಲ್ಡರ್ ಮೊದಲೇ ಇದ್ದರೆ ಓಪನ್‌ಎಸ್‌ಎಸ್‌ಎಚ್ (ಹೆಚ್ಚು ಬಳಕೆಯಲ್ಲಿರುವ ಎಸ್‌ಎಫ್‌ಟಿಪಿ ಸಾಫ್ಟ್‌ವೇರ್) ಸರ್ವರ್ 'ಇದೆ' ಅನ್ನಲ್ಲ, ಸುಮ್ನೆ 'ಫೇಲ್ಯೂರ್' ಅನ್ನುತ್ತದೆ. ಆಗ ಸ್ಟ್ಯಾಟ್ ಮಾಡಿ (ಅಂದರೆ ಆ ಹೆಸರಿನ ವಿವರ ಕೇಳಿ), ಅಲ್ಲಿರುವುದು ಫೋಲ್ಡರೇ ಅಂತ ಖಚಿತಪಡಿಸಿಕೊಂಡು ಮುಂದೆ ಹೋಗಿ. ಬ್ಯಾಚ್ ಫೈಲ್ (ಸಾಲಾಗಿ ಕಮಾಂಡ್ ಬರೆದಿಟ್ಟ ಫೈಲ್) ಬಳಸುವವರು ಎಂಕೆಡಿರ್ ಮುಂದೆ ಒಂದು ಮೈನಸ್ ಗುರುತು ಹಾಕಿದರೆ ಆ ಸಾಲು ಸೋತರೂ ಬ್ಯಾಚ್ ನಿಲ್ಲುವುದಿಲ್ಲ. ಎಫ್‌ಟಿಪಿ, ಎಸ್‌ಎಫ್‌ಟಿಪಿ ಎರಡಕ್ಕೂ ಕರ್ಲ್ ಎಂಬ ಫೈಲ್ ಸಾಗಿಸುವ ಟೂಲ್ ಬಳಸುವುದಾದರೆ, ಇಲ್ಲದ ಫೋಲ್ಡರ್‌ಗಳನ್ನು ತಾನೇ ಮಾಡುವ 'ಎಫ್‌ಟಿಪಿ ಕ್ರಿಯೇಟ್ ಡಿರ್ಸ್' ಆಯ್ಕೆಯೇ ಇದೆ.

ಆದರೆ ಆ ಆಯ್ಕೆ ನನಗೆ ಅಷ್ಟು ಹಿಡಿಸುವುದಿಲ್ಲ, ಯಾಕಂದ್ರೆ ಅದು ದಾರಿಯಲ್ಲಿ ಇಲ್ಲದ್ದನ್ನೆಲ್ಲ ಕಟ್ಟುತ್ತಾ ಹೋಗುತ್ತದೆ. ಕಾನ್ಫಿಗ್‌ನಲ್ಲಿ ಗ್ರಾಹಕರ ಫೋಲ್ಡರ್ ಹೆಸರಿನ ಒಂದು ಅಕ್ಷರ ತಪ್ಪಿದರೂ ಸರ್ವರ್‌ನಲ್ಲಿ ಹೊಸ ಸಂಸಾರವೇ ಶುರು. ಫೈಲ್ ಹೋಯಿತು ಅಂತ ನಾವು, ಬರಲಿಲ್ಲ ಅಂತ ಅವರು. ಆ ಕಡೆ ಡಿಸ್ಕ್ ಮೌಂಟ್ ಆಗದಿದ್ದಾಗಲೂ (ಸರ್ವರ್‌ಗೆ ಜೋಡಣೆಯಾಗದಿದ್ದಾಗಲೂ) ಮೇಲಿನ ಫೋಲ್ಡರ್ ಕಾಣುವುದಿಲ್ಲ. ಆಗ ಸ್ಕ್ರಿಪ್ಟ್ ಅದನ್ನು ಹೊಸದಾಗಿ ಮಾಡಿದರೆ ಫೈಲ್‌ಗಳೆಲ್ಲ ಬೇರೆ ಡಿಸ್ಕ್‌ಗೆ ಬೀಳುತ್ತವೆ. ಡಿಸ್ಕ್ ಮತ್ತೆ ಮೌಂಟ್ ಆದ ಮೇಲೆ ಅವು ಮರೆಯಾಗುತ್ತವೆ.

ಅದಕ್ಕೇ ನಾವು ಗ್ರಾಹಕರ ಫೋಲ್ಡರ್‌ವರೆಗಿನ ದಾರಿಯನ್ನು ಒಂದು ಸೆಟ್ಟಿಂಗ್‌ನಲ್ಲಿ, ವರ್ಷ-ತಿಂಗಳನ್ನು ಇನ್ನೊಂದರಲ್ಲಿ ಇಟ್ಟಿದ್ದೇವೆ. ಎರಡನೆಯದರಲ್ಲಿ ಏನೇ ಇಲ್ಲದಿದ್ದರೂ ಸ್ಕ್ರಿಪ್ಟ್ ಮಾಡಿಕೊಳ್ಳುತ್ತದೆ. ಮೊದಲನೆಯದು ಕಾಣದಿದ್ದರೆ ಅಲ್ಲೇ ನಿಂತು ಡ್ಯೂಟಿಯಲ್ಲಿರುವವರಿಗೆ ಅಲರ್ಟ್ ಕಳಿಸುತ್ತದೆ. ಹೊಸ ಗ್ರಾಹಕರು ಬಂದಾಗ ಆ ಫೋಲ್ಡರನ್ನು ಅವರ ಅಡ್ಮಿನ್ ಕೈಯಾರೆ ಮಾಡಿಕೊಡುತ್ತಾರೆ.