ಎಚ್‌ಟಿಎಂಎಲ್ ಕಲಿಯುವವರ ಕೈಗೆ ಮೊದಲು ಯಾವ ಎಡಿಟರ್?

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಅನ್ನು ನಾನು ಪಾಠ ಮಾಡುವ ತರಬೇತಿ ಕೇಂದ್ರದಲ್ಲಿ ಹೊಸ ಬ್ಯಾಚ್ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಮೇಡಂ, ವಿಎಸ್ ಕೋಡ್ ಹಾಕ್ಕೊಳ್ಳಲಾ?" ಹಾಕಿಕೊಳ್ಳಿ, ಆದರೆ ಈಗಲೇ ತೆರೆಯಬೇಡಿ ಅನ್ನುತ್ತೇನೆ.

ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್ ಕೆಟ್ಟದ್ದು ಅಂತಲ್ಲ. ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದರಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಟ್ಯಾಬ್ ಒತ್ತಿದರೆ ಸಾಕು, ಇಡೀ ಪುಟದ ಅಸ್ಥಿಪಂಜರ ಬಂದು ಬೀಳುತ್ತದೆ. ಟ್ಯಾಗ್ (ಪುಟದ ಪ್ರತಿ ಭಾಗಕ್ಕೆ ಹಾಕುವ ಗುರುತು) ತೆರೆದರೆ ಮುಚ್ಚುವ ಟ್ಯಾಗ್ ತಾನೇ ಬರುತ್ತದೆ. ಹುಡುಗರಿಗೆ ಖುಷಿ. "ಪುಟದ ಹೆಡ್ ಭಾಗದ ಒಳಗೆ ಏನೇನಿದೆ, ಯಾಕಿದೆ?" ಅಂತ ಕೇಳಿ ನೋಡಿ, ಕ್ಲಾಸ್ ಪೂರ್ತಿ ಸುಮ್ಮನಾಗುತ್ತದೆ.

ಹಾಗಂತ ವಿಂಡೋಸ್‌ನ ಬರೀ ನೋಟ್‌ಪ್ಯಾಡ್ ಕೊಟ್ಟರೆ ಬೇರೆ ತಲೆನೋವು. ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತ ಹೆಸರಿಟ್ಟ ಫೈಲಿಗೆ ಹಿಂದೆ ಟಿಎಕ್ಸ್‌ಟಿ ಬಾಲ ಅಂಟಿರುತ್ತದೆ. ವಿಂಡೋಸ್ ಆ ಬಾಲವನ್ನು ತೋರಿಸುವುದೂ ಇಲ್ಲ. ಹಾಗಾಗಿ ಫೈಲ್ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿಕೊಳ್ಳುವುದೇ ನಮ್ಮ ಮೊದಲ ಪಾಠ.

ಇನ್ನು ಕನ್ನಡ ಪುಟ ಮಾಡುವವರ ಕಷ್ಟ. ನೋಟ್‌ಪ್ಯಾಡ್ ಫೈಲನ್ನು ಕನ್ನಡಕ್ಕೂ ಒಗ್ಗುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲೇ (ಅಕ್ಷರ ಉಳಿಸುವ ವಿಧಾನ) ಮಾಮೂಲಿಯಾಗಿ ಉಳಿಸಲು ಶುರು ಮಾಡಿದ್ದು 2019ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ. ಅದಕ್ಕೂ ಹಳೆಯ ಯಂತ್ರಗಳಲ್ಲಿ ಕನ್ನಡ ಹಿಡಿಸದ ಆನ್ಸಿ ಎನ್‌ಕೋಡಿಂಗೇ ಇರುತ್ತದೆ. ಸೇವ್ ಮಾಡುವಾಗ ಬರುವ ಎಚ್ಚರಿಕೆಯನ್ನು ಓದದೆ ಓಕೆ ಒತ್ತಿದರೆ ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ಪುಟದ ಎನ್‌ಕೋಡಿಂಗ್ ಯಾವುದು ಅಂತ ಬ್ರೌಸರಿಗೆ ಹೇಳುವ ಮೆಟಾ ಚಾರ್‌ಸೆಟ್ ಸಾಲು ಸೇರಿಸಿದರೂ ಅದು ವಾಪಸ್ ಬರುವುದಿಲ್ಲ. ಅಕ್ಷರ ಫೈಲಿನಲ್ಲೇ ಇಲ್ಲವಲ್ಲ! ಡಿಟಿಪಿ ಕೆಲಸದಿಂದ ಬಂದವರದ್ದು ಇನ್ನೊಂದು ಕಥೆ. ನುಡಿ ತಂತ್ರಾಂಶದ ಹಳೆಯ ಫಾಂಟಿನ ಬರಹವನ್ನು ತಂದು ಅಂಟಿಸಿದರೆ ಪುಟದ ತುಂಬ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರ. ಯಾವ ಎಡಿಟರ್ ಬದಲಿಸಿದರೂ ಅದು ಹೋಗಲ್ಲ, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಉಳಿದ ತೊಂದರೆಗಳಿಗೆಲ್ಲ ನಾನು ಮೊದಲು ಕೊಡುವ ಎಡಿಟರ್ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಉಚಿತ, ಹಗುರ. ಟ್ಯಾಗ್‌ಗಳಿಗೆ ಬಣ್ಣ ಹಚ್ಚುತ್ತದೆ. ಒಂದು ಟ್ಯಾಗ್ ಮೇಲೆ ಕರ್ಸರ್ ಇಟ್ಟರೆ ಅದರ ಜೋಡಿ ಎಲ್ಲಿದೆ ಅಂತ ತೋರಿಸುತ್ತದೆ. ಮುಚ್ಚುವ ಕೆಲಸ ಮಾತ್ರ ನಿಮ್ಮದೇ. ಎನ್‌ಕೋಡಿಂಗ್ ಯಾವುದು ಅನ್ನುವುದು ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ, ಕನ್ನಡಿಗರಿಗೆ ಇದೇ ದೊಡ್ಡ ಉಪಕಾರ.

ಹಳೆಯ ನೋಟ್ಸ್ ನೋಡಿ ಬ್ರಾಕೆಟ್ಸ್, ಆಟಮ್ ಎಂಬ ಎಡಿಟರ್ ಹುಡುಕುವವರೂ ಇದ್ದಾರೆ. ಬ್ರಾಕೆಟ್ಸ್‌ಗೆ ಅಡೋಬಿ 2021ರಲ್ಲೇ ಬೆಂಬಲ ನಿಲ್ಲಿಸಿತು. ಆಟಮ್ ಅನ್ನು ಗಿಟ್‌ಹಬ್ 2022ರ ಡಿಸೆಂಬರ್‌ನಲ್ಲಿ ಮುಚ್ಚಿತು. ಡ್ರೀಮ್‌ವೀವರ್‌ ಎಂಬ ಎಡಿಟರಿಗೆ ಚಂದಾ ಕಟ್ಟಬೇಕು, ಕಲಿಯುವವರಿಗೆ ಸುಮ್ನೆ ಖರ್ಚು.

ಒಂದು ಟೇಬಲ್, ಒಂದು ಫಾರ್ಮ್ ಕೈಯಲ್ಲೇ ಬರೆದು, ಕೋಡಿನ ತಪ್ಪು ಹಿಡಿದು ತೋರಿಸುವ ಡಬ್ಲ್ಯೂ3ಸಿ ವ್ಯಾಲಿಡೇಟರ್‌ನಲ್ಲಿ ತಪ್ಪಿಲ್ಲದೆ ಪಾಸಾದವರಿಗೆ ವಿಎಸ್ ಕೋಡ್ ಬಿಡುತ್ತೇನೆ. ಆಗಲೂ ಟ್ಯಾಗ್ ತಾನಾಗಿ ಮುಚ್ಚುವ ಸೆಟ್ಟಿಂಗ್ ಸ್ವಲ್ಪ ದಿನ ಆಫ್. ಸೇವ್ ಮಾಡಿದ ಕೂಡಲೇ ಪುಟವನ್ನು ಬ್ರೌಸರಿನಲ್ಲಿ ತಾನೇ ಹೊಸದಾಗಿ ತೋರಿಸುವ ಲೈವ್ ಸರ್ವರ್ ಎಕ್ಸ್‌ಟೆನ್ಶನ್‌ಗೆ ಮಾತ್ರ ವಿಎಸ್ ಕೋಡ್ ತೆರೆದ ಮೊದಲ ದಿನದಿಂದಲೇ ಅನುಮತಿ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಇರುವವರು, ಕ್ರೋಮ್ ಜೊತೆ ವಿಎಸ್ ಕೋಡ್ ಅನ್ನೂ ತೆರೆದು ಒದ್ದಾಡುವ ಬದಲು ಕೋರ್ಸ್ ಮುಗಿಯುವವರೆಗೂ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲೇ ಇರಲಿ.