ನಾಲ್ಕನೇ ಸೀಟಿನ ಲೆಕ್ಕ

ಮುಂಬೈನ ಡೊಂಬಿವಲಿ ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ‘ಜರಾ ಸರ್ಕಾ’ (ಸ್ವಲ್ಪ ಸರೀರಿ) ಅಂದಾಗ ತಲೆಯೊಳಗೆ ಏನಾಗುತ್ತೆ? ರೈಲಿಗೆ ಮೆದುಳಿನ ಸ್ಕ್ಯಾನರ್ ತರೋಕಾಗಲ್ಲ, ಅದಕ್ಕೇ ಹಂಚಿಕೆ ಅನ್ಯಾಯ ಅನಿಸಿದಾಗ ಏನಾಗುತ್ತೆ ಅಂತ ನೋಡೋಕೆ ದುಡ್ಡಿನ ಆಟ. 2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಸ್ಯಾನ್‌ಫೀ ತಂಡ ಆಡಿಸಿದ್ದು ಇದನ್ನೇ: 10 ಡಾಲರ್ ಇದೆ, ಎದುರಿನವ ಪಾಲು ಹೇಳ್ತಾನೆ. ಒಪ್ಪಿದರೆ ಇಬ್ಬರಿಗೂ ದುಡ್ಡು, ಬೇಡವೆಂದರೆ ಇಬ್ಬರಿಗೂ ಸೊನ್ನೆ. ಒಂಬತ್ತು ತನಗಿಟ್ಟುಕೊಂಡು ಒಂದು ಚಾಚಿದಾಗ, ಪಾಲು ಪಡೆಯುವವರ ಮೆದುಳಿನ ಒಳಮಡಿಕೆಯಾದ ಇನ್ಸುಲಾದ ಮುಂಭಾಗ ಚುರುಕಾಯಿತು. ಅದೇ ಪಾಲು ಕಂಪ್ಯೂಟರ್ ಕೊಟ್ಟರೆ ಅಷ್ಟು ಉರಿಯಿಲ್ಲ!

ಹಾಗಂತ ಇನ್ಸುಲಾ ‘ಅನ್ಯಾಯದ ಕೇಂದ್ರ’ ಅನ್ನೋದು ಬುರುಡೆ. ನೋವು, ಹೇಸಿಗೆ, ಎದೆಬಡಿತದ ಅರಿವು ಎಲ್ಲಕ್ಕೂ ಅದು ಎಚ್ಚರಗೊಳ್ಳುತ್ತೆ. ಸ್ಕ್ಯಾನರ್ ಹಿಡಿಯೋದೂ ನರಕೋಶದ ಮಿಡಿತವನ್ನಲ್ಲ, ರಕ್ತದ ಆಮ್ಲಜನಕದ ಏರಿಳಿತವನ್ನು. ಅದು ತುದಿ ಮುಟ್ಟಲು 5-6 ಸೆಕೆಂಡ್ ಬೇಕು. ಪಾಲುಗಳನ್ನು ಬೆನ್ನುಬೆನ್ನಿಗೆ ತೋರಿಸಿದರೆ ಸಿಗ್ನಲ್‌ಗಳು ಕಲಸುಮೇಲೋಗರ. ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಡೇಟಾ ಕೆಡುತ್ತೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2006ರ ಜೂರಿಚ್ ಪ್ರಯೋಗ. ಹಣೆಯ ಹಿಂದಿನ ಮೆದುಳಿನ ಬಲ ಪಾರ್ಶ್ವವನ್ನು ಕಾಂತೀಯ ಮಿಡಿತದಿಂದ ಸ್ವಲ್ಪ ಹೊತ್ತು ಮಂಕು ಮಾಡಿದಾಗ, 20 ಫ್ರಾಂಕ್‌ನಲ್ಲಿ ಬರೀ 4 ಸಿಕ್ಕರೂ ಒಪ್ಪಿಕೊಂಡವರು ಹೆಚ್ಚಾದರು. ಇದು ಅನ್ಯಾಯ ಅಂತ ಮಾತ್ರ ಅವರು ಹೇಳುತ್ತಲೇ ಇದ್ದರು.