ಶು ಬಿಂಗ್ ಅವರ ಕೋತಿಗಳನ್ನು ನೋಡಲು ಲಿಫ್ಟ್ ಹತ್ತಬೇಡಿ

ವಾಷಿಂಗ್ಟನ್‌ಗೆ ಹೋದ ಮೊದಲ ದಿನ ಕಾಲು ನೋವು ಅಂತ ಲಿಫ್ಟ್ ಹತ್ತಿದೆ. ಹಾಗಾಗಿ ಮ್ಯೂಸಿಯಂನಲ್ಲಿ ನೋಡಬೇಕು ಅಂತ ಬಂದಿದ್ದ ಕೋತಿಗಳ ಕಲಾಕೃತಿಯೇ ಸರಿಯಾಗಿ ಕಾಣಲಿಲ್ಲ. ಮಾರನೇ ದಿನ ಅಕ್ಕನ ಮಗನನ್ನು ಕರೆದುಕೊಂಡು ಮತ್ತೆ ಹೋದೆ.

ಸ್ಮಿತ್ಸೋನಿಯನ್‌ನ ಏಷ್ಯನ್ ಆರ್ಟ್ ಮ್ಯೂಸಿಯಂನಲ್ಲಿ ಸ್ಯಾಕ್ಲರ್ ಗ್ಯಾಲರಿ ಇರುವುದು ನೆಲದಡಿ. ಮೆಟ್ಟಿಲು ಸುತ್ತಿಕೊಂಡು ಇಳಿಯುವ ಜಾಗದ ನಡುವೆ, ಮೇಲಿನಿಂದ ತಳದ ಕೊಳದವರೆಗೆ, 21 ಕಪ್ಪು ಮರದ ಆಕಾರಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನೇತಾಡುತ್ತವೆ. ಚೀನಾದ ಕಲಾವಿದ ಶು ಬಿಂಗ್ 2001ರಲ್ಲಿ ಇಲ್ಲಿನ ಪ್ರದರ್ಶನಕ್ಕೆಂದು ಯೋಚಿಸಿದ ಕೆಲಸ ಇದು.

"ಕೋತಿ ಎಲ್ಲಿದೆ ಮಾಮಾ?" ಅಂದ ಹುಡುಗ. ಅಲ್ಲೇ ಇದೆ ಮಜಾ. ಪ್ರತಿ ಆಕಾರವೂ ಒಂದಲ್ಲ ಒಂದು ಭಾಷೆಯಲ್ಲಿ ಬರೆದ 'ಕೋತಿ' ಅನ್ನೋ ಪದ. ಅಕ್ಷರದ ತುದಿಯನ್ನೇ ಎಳೆದು ಬಾಲ, ತೋಳು ಮಾಡಿದ್ದಾರೆ. ಉರ್ದು ಇದೆ, ಹೀಬ್ರೂ ಇದೆ, ಬ್ರೈಲ್ ಕೂಡ ಇದೆ. ಕನ್ನಡಕ್ಕಾಗಿ ಹುಡುಕಿದೆ, ಸಿಗಲಿಲ್ಲ. ನಮ್ಮ 'ಕೋ'ದ ಕೊಂಬು ಎಷ್ಟು ಚೆನ್ನಾಗಿ ನೇತಾಡುತ್ತಿತ್ತು, ಅಲ್ವಾ!

ಈ ಕೆಲಸದ ಹಿಂದಿರುವ ಕಥೆ ಹಳೆಯದು. ನೀರಲ್ಲಿ ಕಂಡ ಚಂದ್ರನನ್ನು ಹಿಡಿಯಲು ಕೋತಿಗಳು ಬಾಲ ಹಿಡಿದು ಸರಪಳಿಯಾಗಿ ಇಳಿಯುತ್ತವೆ. ಚೀನಾದಲ್ಲಿ ಮನೆಮಾತು. ಆದರೆ ಅಲ್ಲಿಗೆ ಹೋಗಿದ್ದು ಬೌದ್ಧ ಗ್ರಂಥಗಳ ಜೊತೆ, ನಮ್ಮ ಕಾಶಿ ಕಡೆಯ ಕಾಡಿನ ಕಥೆಯಾಗಿ.

1955ರಲ್ಲಿ ಹುಟ್ಟಿದ ಶು ಬಿಂಗ್ ಅವರಿಗೆ ಅಕ್ಷರದ ಹುಚ್ಚು ಮೊದಲಿನಿಂದಲೂ ಇತ್ತು. ಸುಮಾರು 4,000 ಸುಳ್ಳು ಚೀನೀ ಅಕ್ಷರಗಳನ್ನು ತಾವೇ ಕಟ್ಟಿ, ಹಳೇ ಕಾಲದವರ ಹಾಗೆ ಮರದಲ್ಲಿ ಕೈಯಿಂದ ಕೆತ್ತಿ, ಪುಸ್ತಕವನ್ನೇ ಅಚ್ಚು ಹಾಕಿದವರು. ಅದನ್ನು ಚೀನಾದವರೂ ಓದಲಾರರು! ಇದನ್ನು ಗೊತ್ತು ಮಾಡಿಕೊಂಡು ಹೋದರೆ ಕೋತಿಗಳು ಇನ್ನೂ ಇಷ್ಟವಾಗುತ್ತವೆ.

ಪ್ರವೇಶ ಉಚಿತ, ಟಿಕೆಟ್ ಬೇಡ. ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ, ಕ್ರಿಸ್ಮಸ್ ದಿನ ಮಾತ್ರ ರಜೆ. ಡಲ್ಲೆಸ್ ವಿಮಾನ ನಿಲ್ದಾಣದಿಂದ ಸಿಲ್ವರ್ ಲೈನ್ ಮೆಟ್ರೋ ಹಿಡಿದರೆ ಬದಲಾಯಿಸದೆ ಸ್ಮಿತ್ಸೋನಿಯನ್ ಸ್ಟೇಷನ್‌ಗೆ ಬರಬಹುದು. ಆದರೆ ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ, ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇದೆ. ಚೆರ್ರಿ ಹೂ ಬಿಡುವ ಸಮಯದಲ್ಲಿ ಆ ಕಡೆಯೆಲ್ಲ ಜನ ಜಾಸ್ತಿ.

ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯಿರಿ. ಪ್ರತಿ ತಿರುವಿನಲ್ಲೂ ನಿಂತು ಅಕ್ಷರ ಗುರುತಿಸಿ, ಸುಮ್ನೆ ಫೋಟೋ ಹೊಡೆದು ಓಡಬೇಡಿ. ತಳಕ್ಕೆ ಬಂದ ಮೇಲೆ ಕತ್ತೆತ್ತಿ ನೋಡಿ. ಮಕ್ಕಳಿದ್ದರೆ ಕೊಳದ ಹತ್ತಿರ ಕೈ ಬಿಡಬೇಡಿ. ನಮ್ಮವನು "ಚಂದ್ರ ಎಲ್ಲಿ?" ಅಂತ ಅರ್ಧ ಬಗ್ಗಿಬಿಟ್ಟಿದ್ದ, ಅಂಗಿ ಹಿಡಿದು ಎಳೆದೆ.